ಬೆಟ್ಟದ ರಜೆಯಲ್ಲಿ ವಿಶ್ರಾಂತಿಯೂ ಒಂದು ಪಾಠ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಹಿಮ ಹೊದ್ದ ಬೆಟ್ಟ ಮಾತ್ರ ಹತ್ತಿರ ಹೋದರೂ ನುಣ್ಣಗೇ ಕಾಣುತ್ತದೆ. ಆ ನುಣುಪಿನ ಮೇಲೆ ಜಾರುವ ಆಟವೇ ಸ್ಕೀಯಿಂಗ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಗಾಜಿಪುರದ ಮಕ್ಕಳಿಗೆ ಇದು ಟಿ.ವಿ.ಯಲ್ಲಿ ನೋಡುವ ಆಟ ಮಾತ್ರ ಎನಿಸಬಹುದು. ಆದರೆ ಹಿಮವೇ ಬೀಳದ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿ.ಮೀ. ಸ್ಕೀ ಓಟದಲ್ಲಿ ಕಂಚಿನ ಪದಕ ಗೆದ್ದರು. ಆಸಕ್ತಿ ಇದ್ದರೆ ಊರು ಅಡ್ಡಿಯಾಗದು.

ತೊಡಕು ಬೇರೆ ಇದೆ. ಕಾಶ್ಮೀರದ ಗುಲ್ಮಾರ್ಗ್, ಹಿಮಾಚಲದ ಸೋಲಾಂಗ್ ಕಣಿವೆಗಳಲ್ಲಿ ಒಳ್ಳೆಯ ಹಿಮ ಸಿಗುವುದು ಜನವರಿ–ಫೆಬ್ರುವರಿಯಲ್ಲಿ. ನಮ್ಮ ಶಾಲೆಗಳಿಗೆ ರಜೆ ಇರುವುದು ದಸರೆಗೆ ಮತ್ತು ಬೇಸಿಗೆಗೆ. ಹೀಗಾಗಿ ಪರೀಕ್ಷೆ ಹತ್ತಿರವಿರುವಾಗ ಓದು ಕೆಡುತ್ತದೆಂಬ ಅಂಜಿಕೆ ಪಾಲಕರಿಗೆ. ಹೊರಟರೂ ‘ಇಷ್ಟು ಖರ್ಚು ಮಾಡಿ ಬಂದು ಸುಮ್ಮನೆ ಕೂಡಬೇಕೇ?’ ಎಂಬ ಚಡಪಡಿಕೆ. ಈ ಎರಡಕ್ಕೂ ವಿಜ್ಞಾನದಲ್ಲಿ ಉತ್ತರವಿದೆ.

ಹಲಗೆಯ ಗುಟ್ಟು

ಮೆತ್ತನೆಯ ಹಿಮದಲ್ಲಿ ಬೂಟು ಹೂತುಹೋಗುತ್ತದೆ, ಸ್ಕೀ ಹಲಗೆ ಹೂಳುವುದಿಲ್ಲ. ಏಕೆ? 50 ಕಿಲೋ ತೂಕದ ವಿದ್ಯಾರ್ಥಿಯ ಎರಡು ಪಾದಗಳ ವಿಸ್ತೀರ್ಣ 400 ಚದರ ಸೆಂ.ಮೀ. ಎಂದುಕೊಳ್ಳಿ. ಪ್ರತಿ ಚದರ ಸೆಂ.ಮೀ. ಮೇಲೆ ಬೀಳುವ ಭಾರ 125 ಗ್ರಾಂ. ಒಂದೂವರೆ ಮೀಟರ್ ಉದ್ದ, 8 ಸೆಂ.ಮೀ. ಅಗಲದ ಎರಡು ಹಲಗೆ ಕಟ್ಟಿಕೊಂಡರೆ ವಿಸ್ತೀರ್ಣ 2400 ಚದರ ಸೆಂ.ಮೀ. ಆಗಿ ಭಾರ ಸುಮಾರು 21 ಗ್ರಾಂಗೆ ಇಳಿಯುತ್ತದೆ. ಹಲಗೆ ಸರಿಯುವಾಗ ಘರ್ಷಣೆಯ ಶಾಖಕ್ಕೆ ಹಿಮ ಕರಗಿ ತೆಳುವಾದ ನೀರಿನ ಪದರ ಉಂಟಾಗುತ್ತದೆ. ಜಾರಲು ಅದೂ ನೆರವಾಗುತ್ತದೆ. ಒತ್ತಡ ಮತ್ತು ಘರ್ಷಣೆಯ ಪಾಠವನ್ನು ಕಾಲೇ ಕಲಿಸಿಕೊಡುವ ಜಾಗವಿದು.

ಮೊದಲ ದಿನ ವಿಶ್ರಾಂತಿ

ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗ್ ಸುಮಾರು 2650 ಮೀಟರ್. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕ ಶೇ. 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು ಮಾತ್ರ. ಆದ್ದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ದೇಹ ಉಸಿರಾಟವನ್ನೂ ಎದೆಬಡಿತವನ್ನೂ ಹೆಚ್ಚಿಸಿಕೊಂಡು ಹೊಂದಿಕೊಳ್ಳಲು ಯತ್ನಿಸುತ್ತದೆ. ಮಲಗಿದ್ದರೂ ಅದು ದುಡಿಯುತ್ತಲೇ ಇರುತ್ತದೆ. ಮೊದಲ ದಿನ ಆಟಕ್ಕೆ ಇಳಿಯದೆ ನೀರು ಕುಡಿದು ವಿಶ್ರಮಿಸುವುದೇ ಜಾಣತನ. ತಲೆನೋವು, ವಾಕರಿಕೆ ಕಂಡರೆ ಮೇಲೇರಬಾರದು. ಹೆಚ್ಚಾದರೆ ಕೆಳಗಿಳಿದು ವೈದ್ಯರನ್ನು ಕಾಣಬೇಕು. ಹೊಸ ಹಿಮ ಬಿಸಿಲಿನ ಶೇ. 80ಕ್ಕೂ ಹೆಚ್ಚನ್ನು ಹಿಂದಕ್ಕೆ ಎಸೆಯುವುದರಿಂದ ಕಣ್ಣಿಗೆ ಕಪ್ಪು ಕನ್ನಡಕ ಬೇಕೇ ಬೇಕು.

ಚೀಲದಲ್ಲೊಂದು ಪುಸ್ತಕ

ಮಧ್ಯಾಹ್ನದ ಹೊತ್ತಿಗೆ ಕಾಲು ಸೋಲುತ್ತದೆ. ದಣಿದ ಮೇಲೂ ಆಡಿದರೆ ಬೀಳುವುದು ಹೆಚ್ಚು. ಆಗ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟಿನ ಜೊತೆ ತಂದ ಪುಸ್ತಕ ಹೊರಬರಲಿ. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ ಇಂಥ ಹೊತ್ತಿಗೆ ಒಳ್ಳೆಯ ಸಂಗಾತಿ. ದಿನಕ್ಕೆ ಒಂದು ಗಂಟೆ ಪಠ್ಯ ಓದಿದರೂ ಪಾಠದ ನಂಟು ತಪ್ಪದು. ಹತ್ತನೆಯ ತರಗತಿ ಮತ್ತು ದ್ವಿತೀಯ ಪಿಯುಸಿಯ ವರ್ಷ ಮಾತ್ರ ಈ ಪ್ರವಾಸ ಬೇಡ.

ಇನ್ನು ನಿದ್ದೆ. ಹಗಲು ಕಲಿತ ತೋಲನವನ್ನೂ ಓದಿದ ವಿಷಯವನ್ನೂ ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ನಿನ್ನೆ ಬಿದ್ದವನು ಇಂದು ನಿಲ್ಲುವುದರಲ್ಲಿ ರಾತ್ರಿಯ ಪಾಲೂ ಇದೆ.

ಹಿಮಾಲಯಕ್ಕೆ ಹೋಗುವುದು ಎಲ್ಲರಿಗೂ ಆಗದ ಮಾತು. ಆದರೆ ಈ ಪಾಠಕ್ಕೆ ಹಿಮ ಬೇಕಿಲ್ಲ. ಗಾಜಿಪುರದ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ, ಪುಸ್ತಕವನ್ನು ಎದೆಯ ಮೇಲಿಟ್ಟು ನಿದ್ದೆಹೋದ ಮಗುವನ್ನು ‘ಸೋಮಾರಿ’ ಎಂದು ಎಬ್ಬಿಸುವ ಮುನ್ನ ಪಾಲಕರು ಒಂದು ಗಳಿಗೆ ಯೋಚಿಸಲಿ.