ನಿಮಗಿದು ಗೊತ್ತೇ? ಮಳೆ ಬಂದರೂ ಲೆಕ್ಕ, ಬಾರದಿದ್ದರೂ ಲೆಕ್ಕ

‘ಮಗ ಉಂಡರೆ ಕೇಡಲ್ಲ, ಮಳೆ ಬಂದರೆ ಕೇಡಲ್ಲ’ ಎಂದವರು 2019ರ ಆಗಸ್ಟಿನಲ್ಲಿ ಬೆಳಗಾವಿ ಕಡೆ ಬಂದಿದ್ದರೆ ಗಾದೆಯ ಎರಡನೇ ಅರ್ಧವನ್ನು ಹಿಂದಕ್ಕೆ ಪಡೆಯುತ್ತಿದ್ದರೇನೋ. ಆ ವರ್ಷದ ನೆರೆಯಿಂದ ಆದ ನಷ್ಟವನ್ನು ಕರ್ನಾಟಕ ಸರ್ಕಾರ ಅಂದಾಜಿಸಿದ್ದು ಸುಮಾರು 35,160 ಕೋಟಿ ರೂಪಾಯಿ ಎಂದು. ನಾಲ್ಕು ವರ್ಷ ಕಳೆದು 2023ರಲ್ಲಿ ಮಳೆ ಕೈಕೊಟ್ಟಿತು. ಆಗ ಸರ್ಕಾರ ತೋರಿಸಿದ ನಷ್ಟ ಸುಮಾರು 35,162 ಕೋಟಿ. ಸುರಿದ ಮಳೆಗೂ ಸುರಿಯದ ಮಳೆಗೂ ಹೆಚ್ಚುಕಡಿಮೆ ಒಂದೇ ಬಿಲ್ಲು! ಕಾಕತಾಳೀಯವೇ ಸರಿ. ನೆರೆಯ ಲೆಕ್ಕದಲ್ಲಿ ಮನೆ, ರಸ್ತೆ, ಸೇತುವೆ ಎಲ್ಲವೂ ಇದ್ದವು. ಬರದ ಲೆಕ್ಕ ಬಹುತೇಕ ಹೊಲದ್ದೇ.

2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಹೊರಗುಳಿದವು ಬರೀ 13. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಕಾದು, 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ನೂರು ಕೇಳಿದವರ ಕೈಗೆ ಹತ್ತೊಂಬತ್ತು.

ಇಲ್ಲೊಂದು ಮಾತಿನ ತೊಡಕೂ ಇದೆ. ನಾವು ‘ಬೆಳೆ ಪರಿಹಾರ’ ಅನ್ನುತ್ತೇವೆ. ಹೋದ ಬೆಳೆಯ ಬೆಲೆ ಸಿಗುತ್ತದೆ ಅಂದುಕೊಳ್ಳುತ್ತೇವೆ. ನಿಯಮದ ಪುಸ್ತಕದಲ್ಲಿ ಅದರ ಹೆಸರು ‘ಇನ್‌ಪುಟ್ ಸಬ್ಸಿಡಿ’. ಅಂದರೆ, ಮುಂದಿನ ಬಿತ್ತನೆಗೆ ಬೀಜ-ಗೊಬ್ಬರಕ್ಕೆಂದು ಕೊಡುವ ಕೈನೆರವು. ಹೋದದ್ದಕ್ಕೂ ಅದಕ್ಕೂ ಸಂಬಂಧ ಕಡಿಮೆ.

ಕೈನೆರವು ಎಷ್ಟು? 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ. ನಮ್ಮ ರೈತರು ಹೆಕ್ಟೇರಿನಲ್ಲಿ ಮಾತಾಡುವುದಿಲ್ಲವಲ್ಲ, ಗುಂಟೆಗೆ ಇಳಿಸಿ ನೋಡಿ: ಸುಮಾರು 86 ರೂಪಾಯಿ. ನೀರಾವರಿ ಜಮೀನಾದರೆ ಹೆಕ್ಟೇರಿಗೆ 17,000, ಅಂದರೆ ಅದರ ಎರಡರಷ್ಟು. ಬೆಳೆ ಶೇ 33ರಷ್ಟಾದರೂ ಹಾಳಾಗಿರಬೇಕು. ಶೇ 32 ಹಾಳಾದವನಿಗೆ ಏನೂ ಇಲ್ಲ. ಎಷ್ಟೇ ಜಮೀನಿರಲಿ, ಎರಡು ಹೆಕ್ಟೇರಿಗೆ ಗೆರೆ. ಇದಕ್ಕಿಂತ ಹಿಂದಿನ ದರ 6,800 ಇದ್ದಾಗ, 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಇನ್ನೊಂದು 6,800 ಸೇರಿಸಿ 13,600 ಮಾಡಿತ್ತು.

ಅದೇ ಪುಸ್ತಕದಲ್ಲಿ ವಿಪತ್ತಿನಲ್ಲಿ ಸತ್ತ ಜಾನುವಾರುಗಳ ದರಪಟ್ಟಿಯೂ ಉಂಟು. ಕರೆಯುವ ಹಸು ಅಥವಾ ಎಮ್ಮೆ 37,500. ಉಳುವ ಎತ್ತು 32,000. ಕುರಿ, ಮೇಕೆ 4,000. ಕೋಳಿ 100. ಇಷ್ಟು ದುಡ್ಡು ಹಿಡಿದು ಸಂತೆಗೆ ಹೋಗಿ ಎತ್ತಿನ ವ್ಯಾಪಾರ ಕೇಳಿದವರಿಗೆ ಉಳಿದದ್ದು ಗೊತ್ತು.

ರಾಷ್ಟ್ರೀಯ ವಿಪತ್ತು ನಿಧಿಗೆ ದುಡ್ಡು ಎಲ್ಲಿಂದ ಬರುತ್ತದೆ ಗೊತ್ತೇ? ಒಂದು ದೊಡ್ಡ ಮೂಲ ಸಿಗರೇಟು, ತಂಬಾಕು. ಇವುಗಳ ಮೇಲೆ ವಿಪತ್ತು ಸುಂಕ ಶುರುವಾದದ್ದು 2001ರಲ್ಲಿ. ನಿಮ್ಮೂರ ಗೂಡಂಗಡಿಯ ಮುಂದೆ ದಂ ಎಳೆಯುವವರನ್ನು ಇನ್ನುಮುಂದೆ ಕೊಂಚ ಗೌರವದಿಂದ ನೋಡಬಹುದು.

ಕೇಂದ್ರದ 2022-26ರ ಆ ಮಾನದಂಡ ಒಪ್ಪಿದ್ದ ವಿಪತ್ತುಗಳು 12. ನಮ್ಮ ಕಡೆ ಯಾರೂ ಕಣ್ಣಲ್ಲಿ ಕಾಣದ ಹಿಮಕುಸಿತ ಅದರಲ್ಲಿತ್ತು. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಹೊಲದಲ್ಲಿದ್ದವರನ್ನೂ ಮರದಡಿ ಕಟ್ಟಿದ ದನವನ್ನೂ ಕೊಲ್ಲುವ ಸಿಡಿಲು ಇರಲಿಲ್ಲ! ಅದನ್ನು ಸ್ಥಳೀಯ ವಿಪತ್ತು ಎಂದು ರಾಜ್ಯಗಳೇ ಘೋಷಿಸಿಕೊಂಡು, ತಮ್ಮ ನಿಧಿಯ ಶೇ 10ರೊಳಗೆ ಸರಿದೂಗಿಸಿಕೊಳ್ಳಬೇಕಿತ್ತು.

ದೇಶದಲ್ಲೇ ಮೊದಲ ಬರ ನಿಗಾ ಕೇಂದ್ರ ಹುಟ್ಟಿದ್ದು ಕರ್ನಾಟಕದಲ್ಲಿ, 1988ರಲ್ಲಿ. ಈಗ ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳಿವೆ. ಮಲೆನಾಡಿನ ಅಡಿಕೆಯವರ ಹವಾಮಾನ ಆಧಾರಿತ ವಿಮೆ ನಿಂತಿರುವುದು ಈ ಡಬ್ಬಿಗಳ ಮೇಲೆ. ತೋಟಕ್ಕೆ ಬಂದು ಕೊಳೆರೋಗ ಎಷ್ಟು ಬಿದ್ದಿದೆ ಎಂದು ಯಾರೂ ನೋಡುವುದಿಲ್ಲ. ಮಾಪಕ ಎಷ್ಟು ಮಿಲಿಮೀಟರ್ ತೋರಿಸಿತು ಎಂಬುದಷ್ಟೇ ಮುಖ್ಯ. ಘಟ್ಟದ ಮಳೆಯೋ, ಗುಡ್ಡದ ಈಚೆ ಧೋ ಎಂದರೆ ಆಚೆ ಜಿಟಿಜಿಟಿ. ಮೊದಲ ಸಲ ಬೋರ್ಡೋ ದ್ರಾವಣ ಹೊಡೆದು, ಎರಡನೇ ಸಲಕ್ಕೆ ಮಳೆ ಬಿಡುವು ಕೊಡದೆ, ಪಾಚಿಗಟ್ಟಿದ ಮರ ಹತ್ತಲು ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೂ ಒಪ್ಪದೆ, ಬುಡದಲ್ಲಿ ಉದುರಿದ ಹಸಿರು ಕಾಯಿ ಎಣಿಸುತ್ತ ಕೂತವನಿಗೆ ‘ನಿಮ್ಮ ಪಂಚಾಯ್ತಿಯಲ್ಲಿ ಅಷ್ಟೇನೂ ಮಳೆ ಆಗಿಲ್ಲ’ ಎಂಬ ಉತ್ತರ ಬಂದರೆ ಹೇಗಾಗಬೇಡ?

ವಿಪತ್ತು ಎಂದು ಯಾವ ಪಟ್ಟಿಯೂ ಹೇಳದ ಮಳೆಯೂ ಒಂದಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿಯವರನ್ನು ಕೇಳಿ. ಫೆಬ್ರುವರಿ-ಮಾರ್ಚಿನಲ್ಲಿ ರೋಬಸ್ಟಾಕ್ಕೆ ಒಂದು ಇಂಚು, ಒಂದೂವರೆ ಇಂಚು ಹೂಮಳೆ ಬೇಕು. ಬಿದ್ದರೆ ವಾರ-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಘಮ್ಮೆನ್ನುತ್ತದೆ. ಬೀಳದಿದ್ದರೆ ಕೆರೆಯಿಂದ ಸ್ಪ್ರಿಂಕ್ಲರ್ ಹಾಯಿಸಬೇಕು, ಡೀಸೆಲ್ ಸುಡಬೇಕು. ಅರೆಬರೆ ಬಿದ್ದರೆ ಮೊಗ್ಗು ಅರಳದೆ ಕಮರುತ್ತದೆ. ಅರಳಿದ ದಿನವೇ ಬಿದ್ದರೆ ಪರಾಗ ತೊಳೆದುಹೋಗುತ್ತದೆ. ಹೂವಾದ ಕೆಲವು ವಾರಕ್ಕೆ ಕಾಯಿ ಹಿಡಿಯಲು ಹಿಮ್ಮಳೆ ಬೇಕು. ಎಲ್ಲಕ್ಕಿಂತ ಕೆಟ್ಟದ್ದು ಜನವರಿಯ ಮಳೆ: ಕಣದಲ್ಲಿ ಹರವಿದ ಕಾಫಿಗೆ ಬೂಷ್ಟು ಹಿಡಿಯುತ್ತದೆ, ಗಿಡದಲ್ಲಿ ಹಣ್ಣಿರುವಾಗಲೇ ಅದೇ ರೆಂಬೆಗೆ ಹೂ ಬರುತ್ತದೆ. ಹಣ್ಣು ಕೊಯ್ದರೆ ಹೂ ಉದುರುತ್ತದೆ. ಕೊಯ್ಯದಿದ್ದರೆ ಹಣ್ಣೇ ನೆಲಕ್ಕೆ. ಒಂದಿಂಚು ಮಳೆಗೆ ಎರಡು ವರ್ಷದ ಫಸಲು ಹೋಗುತ್ತದೆ. ಸುದ್ದಿವಾಹಿನಿಯಲ್ಲಿ ಮಾತ್ರ ‘ಅಕಾಲಿಕ ಮಳೆಗೆ ತಂಪಾದ ಮಲೆನಾಡು’.

ಬರಕ್ಕೆ ಕರೆಂಟಿನ ಬಿಲ್ಲೂ ಉಂಟು. ಮಳೆ ಕೈಕೊಟ್ಟರೆ ಲಿಂಗನಮಕ್ಕಿ ತುಂಬದು, ಶರಾವತಿಯ ವಿದ್ಯುತ್ ಕಡಿಮೆ. ಅದೇ ಹೊತ್ತಿಗೆ ಮಳೆ ನಂಬಿದ್ದ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಒಮ್ಮೆಲೇ ಗುರುಗುಟ್ಟತೊಡಗುತ್ತವೆ. 2023ರ ಅಕ್ಟೋಬರಿನಲ್ಲಿ ಆದದ್ದು ಇದೇ. ರಾಜ್ಯದಲ್ಲಿ ತಯಾರಾಗುವ ಖಾಸಗಿ ವಿದ್ಯುತ್ತೂ ರಾಜ್ಯಕ್ಕೇ ಬರಲಿ ಎಂದು ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಬೇಕಾಯಿತು.

ಬರ ಒಂದು ಸಂಸ್ಥಾನವನ್ನೇ ಸಾಲಗಾರನನ್ನಾಗಿ ಮಾಡಿದ್ದೂ ಇದೆ. 1876-78ರ ಧಾತು-ಈಶ್ವರ ಬರಕ್ಕೆ ಮುಂಚೆ ಮೈಸೂರಿನ ಬೊಕ್ಕಸದಲ್ಲಿ ಉಳಿತಾಯವಿತ್ತು. 1881ರಲ್ಲಿ ಬ್ರಿಟಿಷರು ಹತ್ತನೇ ಚಾಮರಾಜ ಒಡೆಯರ್ ಅವರಿಗೆ ರಾಜ್ಯ ಹಿಂತಿರುಗಿಸುವ ಹೊತ್ತಿಗೆ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲ. ಸತ್ತವರು ಸುಮಾರು ಹತ್ತು ಲಕ್ಷ, ಅಂದರೆ ಐವರಲ್ಲಿ ಒಬ್ಬರು. ಬೆಂಗಳೂರು-ಮೈಸೂರು ರೈಲು ದಾರಿಗೆ ಮಣ್ಣು ಹೊತ್ತವರಲ್ಲಿ ಆ ಬರದಲ್ಲಿ ಕೂಲಿಗೆ ಬಂದವರೂ ಇದ್ದರು. ಕೆಲಸ ಆರಂಭವಾದದ್ದೇ ಬರ ಪರಿಹಾರದ ಕಾಮಗಾರಿಯಾಗಿ.

ಬೆಂಗಳೂರಿಗೆ ಬರೋಣ. 2024ರ ಮಾರ್ಚಿನಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಕುಡಿಯುವ ನೀರಲ್ಲಿ ಕಾರು ತೊಳೆದು ಸಿಕ್ಕಿಬಿದ್ದರೆ 5,000 ದಂಡ. 6,000 ಲೀಟರಿನ ಎಂಟು ಟ್ಯಾಂಕರ್ ನೀರು!

ಅದಕ್ಕೂ ಒಂದೂವರೆ ವರ್ಷ ಹಿಂದೆ ಇದೇ ಊರು ಮುಳುಗಿತ್ತು. 2022ರ ಆಗಸ್ಟ್ 30ರಂದು ಹೊರವರ್ತುಲ ರಸ್ತೆಯಲ್ಲಿ ನೌಕರರು ಐದು ಗಂಟೆ ಸಿಕ್ಕಿಕೊಂಡದ್ದರಿಂದ 225 ಕೋಟಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಗಂಟೆಗೆ ಇಷ್ಟು ಎಂದು ಬೆಲೆ ಇರುವವರ ನಷ್ಟ ಲೆಕ್ಕಕ್ಕೆ ಬೇಗ ಸಿಗುತ್ತದೆ. ಮಂಡಿಯುದ್ದದ ನೀರು ದಾಟಲಾಗದೆ ಆವತ್ತು ನಾಲ್ಕು ಮನೆ ಪಾತ್ರೆ ತೊಳೆಯಲು ಹೋಗದವಳ ಕೂಲಿ ಯಾವ ಪತ್ರದಲ್ಲೂ ಇರಲಿಲ್ಲ. ಮರುವಾರ ಮತ್ತೆ ನೀರು ನಿಂತಾಗ ಲ್ಯಾಪ್‌ಟಾಪ್ ಬ್ಯಾಗು ಎದೆಗವಚಿಕೊಂಡು ಸಾಫ್ಟ್‌ವೇರ್ ಮಂದಿ ಆಫೀಸಿಗೆ ಹೋದದ್ದು ಟ್ರ್ಯಾಕ್ಟರ್ ಹತ್ತಿ. ತಲೆಗೆ 50 ರೂಪಾಯಿ. ಆ ಟ್ರ್ಯಾಕ್ಟರಿನವರ ಸಂಪಾದನೆಯನ್ನು ನಷ್ಟದಿಂದ ಕಳೆದರೋ ಇಲ್ಲವೋ!