ಬ್ಯಾಂಡ್ ಸಾ ಬ್ಲೇಡ್ ಚಕ್ರದಿಂದ ಜಾರುವುದೇಕೆ?

ಬ್ಯಾಂಡ್ ಸಾ ಯಂತ್ರದಲ್ಲಿ ಗರಗಸದ ಬ್ಲೇಡ್ ಒಂದು ಉದ್ದನೆಯ ಉಕ್ಕಿನ ಪಟ್ಟಿ. ಅದರ ಎರಡೂ ತುದಿಗಳನ್ನು ಬೆಸೆದು ಸುತ್ತು ಮಾಡಿ, ಮೇಲೊಂದು ಕೆಳಗೊಂದು ಇರುವ ಎರಡು ಚಕ್ರಗಳಿಗೆ ತೊಡಿಸಿರುತ್ತಾರೆ. ಮೋಟಾರು ಕೆಳಗಿನ ಚಕ್ರವನ್ನು ತಿರುಗಿಸುತ್ತದೆ, ಬ್ಲೇಡಿನ ಜೊತೆಗೆ ಮೇಲಿನ ಚಕ್ರವೂ ತಿರುಗುತ್ತದೆ. ಸಾಮಿಲ್ಲುಗಳಲ್ಲಿ ದಿಮ್ಮಿ ಸೀಳುವ ದೊಡ್ಡ ಯಂತ್ರಗಳೂ ಇದೇ ತತ್ವದವು. ಮನೆಯ ಕಾರ್ಯಾಗಾರಗಳಲ್ಲಿ ಹೆಚ್ಚಾಗಿ ಕಾಣುವುದು 14 ಇಂಚು, ಅಂದರೆ ಸುಮಾರು 355 ಮಿಲಿಮೀಟರ್ ಅಡ್ಡಳತೆಯ ಚಕ್ರಗಳಿರುವ ಯಂತ್ರ. ಬ್ಲೇಡ್ ಚಕ್ರದ ಮೇಲೆ ತನ್ನ ಜಾಗದಲ್ಲೇ ಓಡುತ್ತಿದ್ದರೆ ಇದರಷ್ಟು ಉಪಯೋಗಿ ಯಂತ್ರ ಇನ್ನೊಂದಿಲ್ಲ. ಓಟ ತಪ್ಪಿ ಮುಂದಕ್ಕೋ ಹಿಂದಕ್ಕೋ ಸರಿಯತೊಡಗಿದರೆ ಕೊಯ್ತ ಕೆಡುತ್ತದೆ, ಬ್ಲೇಡಿನ ಇಕ್ಕೆಲಗಳಲ್ಲಿರುವ ಗೈಡ್‌ಗಳು ಸವೆಯುತ್ತವೆ, ಕೊನೆಗೆ ಬ್ಲೇಡ್ ಚಕ್ರದಿಂದಲೇ ಕಳಚಿಬೀಳುತ್ತದೆ.

ಬ್ಲೇಡ್ ಜಾಗದಲ್ಲಿ ನಿಲ್ಲುವುದು ಹೇಗೆ

ಚಕ್ರಗಳ ಅಂಚಿಗೆ ರಬ್ಬರಿನ ಟಯರ್ ಇರುತ್ತದೆ. ಸಣ್ಣ ಯಂತ್ರಗಳಲ್ಲಿ ಈ ಟಯರ್ ನಡುವೆ ತುಸು ಉಬ್ಬಿ, ಎರಡೂ ಅಂಚುಗಳ ಕಡೆ ಇಳಿಜಾರಾಗಿರುತ್ತದೆ. ಬ್ಲೇಡ್ ನಡುವಿನಿಂದ ಒಂದು ಪಕ್ಕಕ್ಕೆ ಸರಿದಾಗ ಆ ಇಳಿಜಾರಿಗೆ ತಕ್ಕಂತೆ ಓರೆಯಾಗುತ್ತದೆ. ಓರೆಯಾದ ಪಟ್ಟಿಯ ಮುಂದಿನ ಭಾಗ ಚಕ್ರವನ್ನು ಮುಟ್ಟುವಾಗ ಉಬ್ಬಿನ ಕಡೆಗೆ ಸ್ವಲ್ಪ ಸರಿದು ಕೂರುತ್ತದೆ. ಹೀಗೆ ಬ್ಲೇಡ್ ತಾನಾಗಿಯೇ ಎತ್ತರದ ನಡುಭಾಗಕ್ಕೆ ಮರಳುತ್ತದೆ. ಇಷ್ಟರಿಂದ ಸಾಲದಿದ್ದರೆ ಹೊಂದಿಸಿಕೊಳ್ಳಲೆಂದು ಮೇಲಿನ ಚಕ್ರವನ್ನು ಹಿಂದೆ ಮುಂದೆ ಓರೆ ಮಾಡುವ ನಾಬ್ ಇರುತ್ತದೆ. ಚಕ್ರದ ನೆತ್ತಿಯನ್ನು ಹಿಂದಕ್ಕೆ ಬಾಗಿಸಿದರೆ ಬ್ಲೇಡ್ ಹಿಂದಕ್ಕೆ ಸರಿಯುತ್ತದೆ, ಮುಂದಕ್ಕೆ ಬಾಗಿಸಿದರೆ ಮುಂದಕ್ಕೆ.

ಬ್ಲೇಡ್ ಜಾರಿದೊಡನೆ ಹೆಚ್ಚಿನವರು ಕೈಹಾಕುವುದು ಈ ನಾಬಿಗೇ. ಆದರೆ ಟಯರ್ ಸವೆದಿದ್ದರೂ, ಬೆಸುಗೆ ಸೊಟ್ಟಗಿದ್ದರೂ, ಬಿಗಿ ಕಡಿಮೆಯಿದ್ದರೂ ನಾಬ್ ತಿರುಗಿಸಿ ತಾತ್ಕಾಲಿಕವಾಗಿ ಮುಚ್ಚಿಡಬಹುದು; ಮೂಲದ ದೋಷ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪರೀಕ್ಷೆ ಒಂದು ಕ್ರಮದಲ್ಲಿ ನಡೆಯಬೇಕು.

ಮೊದಲು ಪ್ಲಗ್ ತೆಗೆಯಬೇಕು

ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು. ಮುಂದಿನ ಪರೀಕ್ಷೆಗಳೆಲ್ಲ ಚಕ್ರವನ್ನು ಕೈಯಿಂದ ತಿರುಗಿಸಿ ಮಾಡುವಂಥವು. ಮಡಿಸಿಟ್ಟ ಬ್ಲೇಡ್ ಬಿಚ್ಚುವಾಗ ಅದು ಥಟ್ಟನೆ ಚಿಮ್ಮುತ್ತದೆ; ಕೈಗವಸು, ಕನ್ನಡಕ ಎರಡೂ ಬೇಕು. ಟೇಬಲಿನ ಮೇಲೂ ಕೆಳಗೂ ಇರುವ ಗೈಡ್‌ಗಳನ್ನು, ಬ್ಲೇಡಿನ ಬೆನ್ನಿಗಿರುವ ಬೇರಿಂಗನ್ನು ದೂರ ಸರಿಸಿಬಿಡಬೇಕು. ಬ್ಲೇಡನ್ನು ಚಕ್ರದ ಮೇಲೆ ನಿಲ್ಲಿಸುವುದು ಗೈಡ್‌ಗಳ ಕೆಲಸವಲ್ಲ. ಅವು ಬ್ಲೇಡನ್ನು ಒತ್ತಿಕೊಂಡಿದ್ದರೆ ಅದರ ನಿಜವಾದ ಓಟ ಕಣ್ಣಿಗೆ ಬೀಳುವುದಿಲ್ಲ.

ಬ್ಲೇಡ್

ಹಲ್ಲುಗಳು ಟೇಬಲಿನ ಬಳಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಬ್ಲೇಡನ್ನು ಒಳಹೊರಗಾಗಿ ತಿರುಚಿ ಮತ್ತೆ ತೊಡಿಸಬೇಕು. ನಂತರ ನೋಡಬೇಕಾದುದು ಬೆಸುಗೆ. ಬ್ಯಾಂಡ್ ಸಾ ಚರಿತ್ರೆಯಲ್ಲೂ ದೊಡ್ಡ ತೊಡಕಾಗಿದ್ದುದು ಇದೇ. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲೇ ಈ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರೂ ಚಕ್ರದ ಸುತ್ತ ಬಾಗಿ ಬಾಗಿ ಓಡುವಾಗ ಮುರಿಯದ ಬ್ಲೇಡ್ ಆಗ ಸಿಗುತ್ತಿರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪ್ಯಾಂ ಎಂಬ ಮಹಿಳೆ ಬ್ಲೇಡಿನ ತುದಿಗಳನ್ನು ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆಯೇ ಯಂತ್ರ ಬಳಕೆಗೆ ಬರುವಂತಾಯಿತು.

ಬೆಸೆಯುವಾಗ ಎರಡು ತುದಿಗಳು ಒಂದೇ ನೇರದಲ್ಲಿ ಕೂಡದಿದ್ದರೆ, ಆ ಜಾಗ ಬಂದಾಗಲೆಲ್ಲ ಬ್ಲೇಡ್ ಹಿಂದೆ ಮುಂದೆ ಕುಪ್ಪಳಿಸುತ್ತದೆ. ಇದನ್ನು ಪತ್ತೆ ಮಾಡಲು ಬೆಸುಗೆಯ ಬಳಿ ಸೀಮೆಸುಣ್ಣದ ಗುರುತು ಹಾಕಿ, ಬ್ಲೇಡಿನ ಬೆನ್ನಿಗೆ ಹತ್ತಿರವಾಗಿ ಒಂದು ಕಡ್ಡಿಯನ್ನು ಅಲುಗದಂತೆ ನಿಲ್ಲಿಸಿ, ಚಕ್ರವನ್ನು ನಿಧಾನವಾಗಿ ತಿರುಗಿಸಬೇಕು. ಪ್ರತಿಸಲವೂ ಬೆಸುಗೆ ಹಾದುಹೋಗುವಾಗಲೇ ಬ್ಲೇಡ್ ಸರಿದರೆ ದೋಷ ಅಲ್ಲಿಯದು. ಗುರುತಿಗೂ ಸರಿದಾಟಕ್ಕೂ ಸಂಬಂಧವಿಲ್ಲದೆ, ಚಕ್ರ ಸುತ್ತಿದಂತೆಲ್ಲ ಅದು ಮರುಕಳಿಸಿದರೆ ಚಕ್ರವನ್ನೋ ಟಯರನ್ನೋ ಶಂಕಿಸಬೇಕು. 14 ಇಂಚಿನ ಸಾಮಾನ್ಯ ಯಂತ್ರದ ಬ್ಲೇಡ್ ಸುಮಾರು 2375 ಮಿಲಿಮೀಟರ್ ಉದ್ದ, ಚಕ್ರದ ಸುತ್ತಳತೆ ಸುಮಾರು 1115 ಮಿಲಿಮೀಟರ್. ಚಕ್ರ ಎರಡು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಬ್ಲೇಡ್ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ಈ ಎರಡು ದೋಷಗಳು ಬೇರೆ ಬೇರೆ ಲಯದಲ್ಲಿ ಕಾಣಿಸಿಕೊಳ್ಳುತ್ತವೆ, ಗುರುತಿಸುವುದು ಕಷ್ಟವಲ್ಲ. ಬೆಸುಗೆ ಸೊಟ್ಟಗಿರುವ ಬ್ಲೇಡಿಗೆ ಯಂತ್ರವನ್ನು ಎಷ್ಟು ಹೊಂದಿಸಿದರೂ ವ್ಯರ್ಥ; ಅದನ್ನು ಬದಲಿಸಬೇಕು.

ಬಿಗಿ

ಬಿಗಿ ಬದಲಾದರೆ ಓಟವೂ ಬದಲಾಗುತ್ತದೆ. ಆದ್ದರಿಂದ ನಾಬ್ ಮುಟ್ಟುವ ಮೊದಲು ಕೆಲಸಕ್ಕೆ ಬೇಕಾದಷ್ಟು ಬಿಗಿ ಕೊಟ್ಟಿರಬೇಕು. ಯಂತ್ರದ ಮೇಲಿರುವ ಅಳತೆಪಟ್ಟಿಯನ್ನು ಪೂರ್ತಿ ನಂಬಲಾಗದು. ಬಿಗಿ ಕೊಡುವ ಸ್ಪ್ರಿಂಗ್ ಹಳೆಯದಾಗಿ ಕುಗ್ಗಿದ್ದರೆ ಆ ಪಟ್ಟಿ ತಪ್ಪು ತೋರಿಸುತ್ತದೆ. ಮೇಲಿನ ಗೈಡನ್ನು ಟೇಬಲಿನಿಂದ ಸುಮಾರು 150 ಮಿಲಿಮೀಟರ್ ಎತ್ತರಿಸಿ, ಬ್ಲೇಡಿನ ಪಕ್ಕವನ್ನು ಬೆರಳಿನಿಂದ ಹದವಾಗಿ ಒತ್ತಿದಾಗ ಅದು 6 ಮಿಲಿಮೀಟರಿಗಿಂತ ಹೆಚ್ಚು ಬಾಗದಿದ್ದರೆ ಸಾಕು ಎಂಬುದು ರೂಢಿಯ ಲೆಕ್ಕ.

ಚಕ್ರ ಮತ್ತು ಟಯರ್

ಟಯರಿನ ಮೇಲೆ ಮರದ ಪುಡಿ ಮತ್ತು ಅಂಟು ಕೂಡಿ ಗಟ್ಟಿಯಾಗಿ ಕೂರುವುದುಂಟು. ಹಲಸಿನಂಥ ಮೇಣವಿರುವ ಹಸಿಮರ ಕೊಯ್ದರಂತೂ ಇದು ಬೇಗ ಕಟ್ಟುತ್ತದೆ. ಹೀಗೆ ಕಟ್ಟಿದ ಪದರ ಹೊಸ ಉಬ್ಬುಗಳಾಗಿ ಬ್ಲೇಡನ್ನು ಬೇಡದ ಕಡೆಗೆ ಎಳೆಯುತ್ತದೆ. ಗಡಸು ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ರಬ್ಬರನ್ನು ಉಗುರಿನಿಂದ ಒತ್ತಿದಾಗ ಅದು ತಗ್ಗಿ ಮತ್ತೆ ಮೇಲೇಳಬೇಕು. ಕಲ್ಲಿನಂತಾಗಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ನಡುವಿನ ಉಬ್ಬು ಸವೆದು ತಗ್ಗಾಗಿದ್ದರೆ ಹೊಸ ಟಯರ್ ಹಾಕಿಸುವುದೇ ದಾರಿ.

ಬ್ಲೇಡ್ ತೆಗೆದು ಒಂದೊಂದೇ ಚಕ್ರವನ್ನು ಅಂಚಿನಲ್ಲಿ ಹಿಡಿದು ಅಲ್ಲಾಡಿಸಬೇಕು. ಸಡಿಲವೆನಿಸಿದರೆ ಬೇರಿಂಗ್ ಸವೆದಿದೆ ಎಂದರ್ಥ. ಎರಡು ಚಕ್ರಗಳೂ ಒಂದೇ ಸಮತಲದಲ್ಲಿವೆಯೇ ಎಂಬುದನ್ನು ಬ್ಲೇಡ್ ಬಿಗಿಯಲ್ಲಿರುವಾಗ ಉದ್ದನೆಯ ನೇರಪಟ್ಟಿಯನ್ನು ಅಂಚುಗಳಿಗೆ ಆನಿಸಿ ನೋಡಬಹುದು. ಬಿಗಿ ಬಿದ್ದಾಗ ಯಂತ್ರದ ಚೌಕಟ್ಟೇ ತುಸು ಬಾಗುವುದರಿಂದ ಸಡಿಲವಿದ್ದಾಗ ನೋಡಿದ ಅಳತೆ ಸುಳ್ಳಾಗುತ್ತದೆ. ಅಂತರ ಹೆಚ್ಚಿದ್ದರೆ ಚಕ್ರದ ಹಿಂದೆ ವಾಷರ್ ಸೇರಿಸಿ ಸರಿಪಡಿಸುವ ಅವಕಾಶ ಹಲವು ಯಂತ್ರಗಳಲ್ಲಿದೆ. ಚಿಕ್ಕಪುಟ್ಟ ಅಂತರಕ್ಕೆ ಕೈಹಾಕುವ ಅಗತ್ಯವಿಲ್ಲ.

ನಾಬ್, ಆಮೇಲೆ ಗೈಡ್

ಇಷ್ಟಾದ ಮೇಲೆ ನಾಬಿನ ಸರದಿ. ಒಂದು ಕೈಯಿಂದ ಚಕ್ರ ತಿರುಗಿಸುತ್ತಾ ಇನ್ನೊಂದರಿಂದ ನಾಬನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಕೆಲವು ಸುತ್ತು ಕಾದು ನೋಡಬೇಕು. ಬ್ಲೇಡ್ ತಡವಾಗಿ ಸ್ಪಂದಿಸುವುದರಿಂದ ಅವಸರ ಮಾಡಿದರೆ ಆಚೆಯ ಅಂಚಿಗೆ ಹೋಗಿಬಿಡುತ್ತದೆ. ಉಬ್ಬಿರುವ ಟಯರಿನಲ್ಲಿ ಬ್ಲೇಡ್ ನಡುವೆ ನಿಂತರೆ ಸರಿ. ನಾಬಿನ ಲಾಕ್ ನಟ್ಟನ್ನು ಬಿಗಿ ಮಾಡುವುದನ್ನು ಮರೆಯಬಾರದು. ಅದು ಸಡಿಲವಿದ್ದರೆ ಯಂತ್ರದ ಕಂಪನಕ್ಕೇ ಹೊಂದಾಣಿಕೆ ಕೆಡುತ್ತದೆ.

ಪಕ್ಕದ ಗೈಡ್‌ಗಳು ಹಲ್ಲುಗಳ ಬುಡಕ್ಕಿಂತ ತುಸು ಹಿಂದೆ, ಒಂದು ಕಾಗದದ ದಪ್ಪದಷ್ಟು ದೂರದಲ್ಲಿರಬೇಕು. ಬೆನ್ನಿನ ಬೇರಿಂಗ್ ಸುಮಾರು ಅರ್ಧ ಮಿಲಿಮೀಟರ್ ಹಿಂದಿರಲಿ. ಮರ ತಳ್ಳಿದಾಗ ಮಾತ್ರ ಬ್ಲೇಡ್ ಅದಕ್ಕೆ ತಾಗಬೇಕು.

ಕೊಯ್ಯುವಾಗ ಆಗುವ ತಪ್ಪುಗಳು

ಯಂತ್ರ ಸರಿಯಿದ್ದರೂ ಬ್ಲೇಡ್ ಕಳಚಬಹುದು. ಅರ್ಧ ಕೊಯ್ದ ಮರವನ್ನು ಓಡುತ್ತಿರುವ ಬ್ಲೇಡಿನಿಂದ ಹಿಂದಕ್ಕೆ ಎಳೆದುಕೊಂಡರೆ ಮರದ ಜೊತೆ ಬ್ಲೇಡೂ ಮುಂದಕ್ಕೆ ಬರುತ್ತದೆ. ಮೋಟಾರು ನಿಲ್ಲಿಸಿಯೇ ಹಿಂದೆಗೆಯಬೇಕು. ಅಗಲವಾದ ಬ್ಲೇಡಿನಿಂದ ಸಣ್ಣ ತಿರುವು ಕೊಯ್ಯಲು ಹೋದರೂ ಅದು ತಿರುಚಿಕೊಂಡು ಜಾರುತ್ತದೆ. ತಿರುವಿಗೆ ಕಿರಿದಾದ ಬ್ಲೇಡ್, ದಪ್ಪ ಮರ ಸೀಳಲು ಅಗಲದ ಬ್ಲೇಡ್ ಎಂಬುದು ನಿಯಮ.

ಬ್ಲೇಡ್ ಚಕ್ರದ ಮೇಲೆ ಸ್ಥಿರವಾಗಿದ್ದು ಕೊಯ್ತ ಮಾತ್ರ ಗೆರೆ ಬಿಟ್ಟು ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ಅದು ಬೇರೆಯ ತೊಂದರೆ. ಒಂದು ಬದಿಯ ಹಲ್ಲುಗಳು ಇನ್ನೊಂದು ಬದಿಗಿಂತ ಬೇಗ ಮೊಂಡಾದಾಗ ಹೀಗಾಗುತ್ತದೆ. ತೇಗದಲ್ಲಿರುವ ಸಿಲಿಕಾ ಹಲ್ಲುಗಳನ್ನು ಬೇಗ ಸವೆಸುವುದರಿಂದ ಸಾಗುವಾನಿ ಕೆಲಸ ಮಾಡುವವರಿಗೆ ಇದರ ಅನುಭವ ಹೆಚ್ಚು. ಅಲ್ಲಿ ಹರಿತವಾದ ಬ್ಲೇಡೇ ಪರಿಹಾರ.

ಕೆಲಸ ಮುಗಿದು ಯಂತ್ರ ಕೆಲವು ದಿನ ಸುಮ್ಮನಿರುವುದಾದರೆ ಬಿಗಿಯನ್ನು ಸಡಿಲಿಸಿ, ಸಡಿಲಿಸಿದ್ದನ್ನು ನೆನಪಿಸುವ ಚೀಟಿಯೊಂದನ್ನು ಸ್ವಿಚ್ಚಿಗೆ ಅಂಟಿಸಿಡಬೇಕು. ಟಯರಿನಲ್ಲಿ ಗುಳಿ ಬೀಳುವುದು, ಸ್ಪ್ರಿಂಗ್ ಸೋಲುವುದು ಎರಡೂ ಇದರಿಂದ ತಪ್ಪುತ್ತವೆ. ಪ್ರತಿ ಹೊಸ ಬ್ಲೇಡ್ ಹಾಕಿದಾಗಲೂ ಬಿಗಿ, ಓಟ, ಗೈಡ್ ಎಂಬ ಕ್ರಮದಲ್ಲೇ ಹೊಂದಿಸಿ, ಬಾಗಿಲುಗಳನ್ನು ಮುಚ್ಚಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡಬೇಕು.