ಗಂಜಿನ ಬೇವಿನ ಕೆಳಗೆ ನಾಲ್ಕು ಹರವಿ

ಏಪ್ರಿಲ್ ಬಂತೆಂದರೆ ಕಲಬುರಗಿಯ ಬಿಸಿಲಿಗೆ ಸರ್ಕಾರವೂ ತಲೆಬಾಗುತ್ತದೆ. ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆಲ್ಲ ಮುಚ್ಚುವುದು ಈ ಭಾಗದ ಹಳೆಯ ಪದ್ಧತಿ. ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಮಾಲರಿಗೆ ಮಾತ್ರ ಆ ರಿಯಾಯಿತಿ ಇಲ್ಲ. ತೊಗರಿ ಚೀಲ ಒಂದು ಲಾರಿಯಿಂದ ಇಳಿಯಬೇಕು, ಇನ್ನೊಂದಕ್ಕೆ ಏರಬೇಕು. ಹೀಗೆ ಹೊತ್ತು ಬಂದವರು ಬೆವರು ಒರೆಸಿಕೊಳ್ಳುತ್ತ ನೇರ ಬರುವುದು ಬೇವಿನ ಮರದ ಕೆಳಗಿನ ಅರವಟ್ಟಿಗೆಗೆ.

ಅಲ್ಲಿ ಕೂತ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಾರೆ. ಆಕೆಯ ಗಂಡನೂ ಇದೇ ಗಂಜಿನಲ್ಲಿ ಹಮಾಲಿ ಮಾಡಿದವನು. ಮುಂದೆ ಮರಳ ಹಾಸಿನ ಮೇಲೆ ನಾಲ್ಕು ಮಣ್ಣಿನ ಹರವಿ, ಸುತ್ತ ಒದ್ದೆ ಗೋಣಿತಟ್ಟು, ಉದ್ದ ಹಿಡಿಕೆಯ ಒಂದು ತಾಮ್ರದ ಸೌಟು, ಸರಪಳಿ ಕಟ್ಟಿದ ಎರಡು ಸ್ಟೀಲ್ ಲೋಟ. ಲೋಟಕ್ಕೇಕೆ ಸರಪಳಿ ಎಂದು ಕೇಳಿದರೆ ನಗುತ್ತಾಳೆ: “ನೀರ ಕುಡದವರು ಮರ್ತು ಒಯ್ತಾರ್ರೀ. ಕಳ್ಳರಲ್ಲ, ಬಿಸಲಿಗಿ ತಲಿ ಕೆಟ್ಟಿರ್ತದ.”

ಹರವಿಯ ವಿಷಯದಲ್ಲಿ ಆಯಿ ಬಲು ನಿಷ್ಠುರ. ಹೊಸದನ್ನು ತಂದ ದಿನವೇ ಯಾರಿಗೂ ನೀರು ಕೊಡುವುದಿಲ್ಲ. ಎರಡು ದಿನ ತುಂಬಿಟ್ಟು ಚೆಲ್ಲಿ, ಮಣ್ಣಿನ ವಾಸನೆ ಹೋದ ಮೇಲೆಯೇ ಬಳಕೆ. ತಿಕ್ಕುವುದಕ್ಕೆ ತೆಂಗಿನ ನಾರು ಮಾತ್ರ. ಸಾಬೂನು ಮುಟ್ಟಿಸಿದರೆ ಮಣ್ಣು ಅದನ್ನು ಕುಡಿದು ಆಮೇಲೆ ನೀರಿಗೇ ಬಿಡುತ್ತದೆ. ಹರವಿಯ ಮೈಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಹೋಗುವಾಗ ಒಳಗಿನ ನೀರಿನ ಶಾಖವನ್ನೂ ಕೊಂಡೊಯ್ಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಇದು ಇಷ್ಟು ಚೆನ್ನಾಗಿ ನಡೆಯದು. ಕಲಬುರಗಿಯ ಒಣ ಬಿಸಿಗಾಳಿಯೇ ಇಲ್ಲಿ ನೀರನ್ನು ತಂಪು ಮಾಡುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನ ಉಪ್ಪು ಕೂತು ಆ ರಂಧ್ರಗಳು ಕಟ್ಟಿಕೊಳ್ಳುವುದರಿಂದ ಪ್ರತಿ ವರ್ಷ ಹೊಸ ಹರವಿ ಬೇಕು. ಹಳೆಯವು ಮರದ ಬುಡದಲ್ಲಿ ಅಡ್ಡಬಿದ್ದಿವೆ, ಅವುಗಳ ಒಡಕು ಚೂರುಗಳಲ್ಲಿ ಗುಬ್ಬಿಗಳಿಗೆ ನೀರು.

ಹಕ್ಕಿಗಳ ಮಾತು ಬಂದರೆ ಆಯಿ ಶರಣಬಸವೇಶ್ವರರ ಕಥೆಗೆ ಹೊರಳುತ್ತಾಳೆ. ಜೋಳದ ಹೊಲ ಕಾಯಲು ಕಳಿಸಿದರೆ ಶರಣರು ಹಕ್ಕಿಗಳನ್ನು ಓಡಿಸುವ ಬದಲು ಅವುಗಳಿಗೆ ನೀರಿಟ್ಟರಂತೆ. ರಾಶಿ ಮಾತ್ರ ಒಂದು ಹಿಡಿಯೂ ಕಡಿಮೆಯಾಗಲಿಲ್ಲವಂತೆ. ದಾಸೋಹಕ್ಕೆ ಹೆಸರಾದ ಅವರ ಕಾಲ 1746ರಿಂದ 1822. ಆಯಿ ಹೇಳುವ ಧಾಟಿ ನೋಡಿದರೆ ಮೊನ್ನೆ ಮೊನ್ನೆ ನಡೆದ ಹಾಗೆ.

ಅರವಟ್ಟಿಗೆ ಅದಕ್ಕಿಂತಲೂ ಬಹಳ ಹಳೆಯದು. ದೆಹಲಿಯಲ್ಲಿರುವ ತೋಪ್ರಾ ಕಂಬದ ಮೇಲಿನ ಏಳನೆಯ ಶಾಸನದಲ್ಲಿ ಅಶೋಕ, ದಾರಿಯುದ್ದಕ್ಕೂ ಆಲದ ಮರ, ಬಾವಿಗಳ ಜತೆಗೆ ಮನುಷ್ಯರಿಗೂ ಪಶುಗಳಿಗೂ ನೀರಿನ ತಾಣ ಮಾಡಿಸಿದ್ದನ್ನು ಬರೆಸಿದ್ದಾನೆ. ಕನ್ನಡ ಶಾಸನಗಳಲ್ಲಿ ಅರವಂಟಿಗೆಗೆ ಭೂಮಿ ಬಿಟ್ಟದ್ದುಂಟು. ಕೆರೆ ಒಮ್ಮೆ ಕಟ್ಟಿದರೆ ತಲೆಮಾರು ನಿಲ್ಲುತ್ತದೆ. ಹರವಿಯನ್ನು ದಿನಾ ತುಂಬುವ ಕೈಗೆ ದಿನಾ ಕೂಳು ಬೇಕು. ಭೂಮಿ ಬಿಟ್ಟವರು ಅದನ್ನು ಬಲ್ಲವರೇ ಇರಬೇಕು.

ಈ ಪರಂಪರೆಯನ್ನು ಬರೀ ಹೊಗಳಿ ಮುಂದೆ ಹೋಗುವ ಹಾಗೂ ಇಲ್ಲ. ಎತ್ತರದಿಂದ ಬೊಗಸೆಗೆ ನೀರು ಸುರಿಯುವ ರೂಢಿಯ ಹಿಂದೆ ಶುಚಿ ಎಷ್ಟಿತ್ತೋ ಮೈಲಿಗೆಯ ಭಯವೂ ಅಷ್ಟೇ ಇತ್ತು. 1901ರಲ್ಲಿ ಅಪ್ಪನನ್ನು ನೋಡಲು ಕೋರೆಗಾಂವಿಗೆ ಬಂಡಿಯಲ್ಲಿ ಹೊರಟ ಬಾಲಕ ಅಂಬೇಡ್ಕರ್, ಜತೆಗೆ ಬುತ್ತಿ ಇದ್ದರೂ ಕುಡಿಯಲು ಯಾರೂ ನೀರು ಕೊಡದೆ ಉಪವಾಸ ಮಲಗಿದ್ದನ್ನು ಮುಂದೆ ಬರೆದಿಟ್ಟರು. ಆಯಿಯ ಸೌಟೂ ಉದ್ದವೇ, ಆದರೆ ಅದು ಹರವಿಯ ತಳ ಮುಟ್ಟಲಿಕ್ಕೆ. ಲೋಟ ಎರಡೇ, ಹಮಾಲ, ಅಡತಿ ಅಂಗಡಿಯ ಗುಮಾಸ್ತ, ಪೌರಕಾರ್ಮಿಕ, ಎಲ್ಲರ ಬಾಯಿಗೂ ಅವೇ.

ಇದಕ್ಕೆಲ್ಲ ದುಡ್ಡು? ಟ್ರಸ್ಟಿಲ್ಲ, ರಸೀದಿ ಪುಸ್ತಕವಿಲ್ಲ. ಹರವಿ ಹಮಾಲರ ವಂತಿಗೆಯಿಂದ ಬರುತ್ತದೆ. ನೀರು ಎದುರಿನ ಅಡತಿಯವರ ಬೋರಿನದು. ಅಮಾವಾಸ್ಯೆಗೊಮ್ಮೆ ಒಬ್ಬ ಲಾರಿ ಡ್ರೈವರ್ ಮಜ್ಜಿಗೆ ಮಾಡಿಸುತ್ತಾನೆ: ಶುಂಠಿ, ಕರಿಬೇವು, ಹಸಿಮೆಣಸಿನಕಾಯಿ ಜಜ್ಜಿ ಹಾಕಿದ ತೆಳ್ಳನೆಯ ಮಜ್ಜಿಗೆ. ಆಯಿಗೆ ಮಧ್ಯಾಹ್ನ ಎರಡು ರೊಟ್ಟಿ, ಪಲ್ಯ ಚಹಾದಂಗಡಿಯವಳ ಕಡೆಯಿಂದ. ನಾನು ಕೂತಿದ್ದಾಗ ಬೈಕ್ ನಿಲ್ಲಿಸಿ ನೀರು ಕುಡಿದ ಹುಡುಗನೊಬ್ಬ ಮೊಬೈಲ್ ತೆಗೆದು ಸ್ಕ್ಯಾನರ್ ಎಲ್ಲಿ ಎಂದ. “ಅದೆಲ್ಲ ಇಲ್ಲ ತಮ್ಮಾ, ಎರಡ ಕೊಡ ನೀರ ತಂದ ಹಾಕು,” ಎಂದಳು ಆಯಿ. ಅವನು ಗಡಿಯಾರ ನೋಡಿದ, ಆಮೇಲೆ ಕೊಡ ಎತ್ತಿದ. ಅರ್ಧ ನೀರು ಪ್ಯಾಂಟಿನ ಮೇಲೆ ಚೆಲ್ಲಿಕೊಂಡೇ ತಂದ.

ಯುಗಾದಿ ಹೊತ್ತಿಗೆ ಊರ ತುಂಬ ಅರವಟ್ಟಿಗೆಗಳು ಏಳುತ್ತವೆ. ಶಾಮಿಯಾನ, ಮುಖಂಡರ ಫೋಟೊ, ರಿಬ್ಬನ್, ಮೊದಲ ದಿನ ಕಲ್ಲಂಗಡಿ ಹಣ್ಣೂ ಉಂಟು. ವಾರ ಕಳೆಯುವುದರೊಳಗೆ ಹಲವು ಕಡೆ ಹರವಿ ಬರಿದು, ಬ್ಯಾನರ್ ಮಾತ್ರ ಗಾಳಿಗೆ ಪಟಪಟ. ಕೊಟ್ಟವರ ಮನಸ್ಸು ಸಣ್ಣದೆಂದು ನಾನು ಹೇಳಲಾರೆ. ಅವರು ಹರವಿ ಕೊಟ್ಟರು, ಪಕ್ಕದಲ್ಲಿ ಕೂರುವವರನ್ನು ಮರೆತರು. ಒಂದು ದಿನದ ಶಾಮಿಯಾನದ ಬಾಡಿಗೆ ಇಂಥ ಒಬ್ಬ ಆಯಿಗೆ ಎಷ್ಟು ದಿನದ ಕೂಲಿಯಾದೀತು ಎಂದು ಕೇಳುವವರು ಕಡಿಮೆ. ಇನ್ನು ಕೈಯಲ್ಲಿ ಬಾಟಲಿ ಹಿಡಿದು ಹೊರಟವರಿಗೆ ಅರವಟ್ಟಿಗೆ ಕಣ್ಣಿಗೂ ಬೀಳುವುದಿಲ್ಲ; ಆ ಬಾಟಲಿಗೆ ದಿನಕ್ಕೆ ನಾಲ್ಕು ಸಲ ದುಡ್ಡು ಕೊಡಲಾಗದವರಿಗೇ ಅದು ಬೇಕು.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ, ಮಳೆ ಬಿದ್ದರೆ ಈ ಸಾಲಿನ ಕೆಲಸ ಮುಗಿಯಿತು. ಆಯಿಗೆ ಮೊಣಕಾಲು ನೋವು, ಕೂತಲ್ಲಿಂದ ಏಳಲು ಮರವನ್ನೇ ಹಿಡಿಯಬೇಕು. ಪುಣೆಯಲ್ಲಿರುವ ಮಗ ಬಂದುಬಿಡು ಎನ್ನುತ್ತಿದ್ದಾನೆ. ಮುಂದಿನ ಬೇಸಿಗೆಗೆ ಪಾಳಿ ಹಚ್ಚಿಕೊಳ್ಳೋಣವೆಂದು ಹಮಾಲರು ಮಾತಾಡಿಕೊಂಡಿದ್ದಾರೆ. ಆದರೆ ನೀರು ಹೆಚ್ಚು ಬೇಕಾದ ಮಧ್ಯಾಹ್ನದ ಹೊತ್ತಿನಲ್ಲೇ ಅವರ ಬೆನ್ನ ಮೇಲೂ ಚೀಲ ಇರುತ್ತದೆ. ಸದ್ಯಕ್ಕೆ ಒಪ್ಪಿರುವವಳು ಚಹಾದಂಗಡಿಯವಳ ಮಗಳೊಬ್ಬಳೇ, ಅದೂ ಶಾಲೆಗೆ ರಜೆ ಇರುವಷ್ಟು ದಿನ.